ಬುನಾದಿಗೂ ಮೊದಲೇ ನೀರಿನ ಲೆಕ್ಕ

ಈಗ ನೀವು ನೋಡುತ್ತಿರುವುದು ಬೆಂಗಳೂರಿನ ಹೊರವಲಯದ ಒಂದು ಖಾಲಿ ನಿವೇಶನ. ಸದ್ಯದಲ್ಲೇ ಇಲ್ಲಿ ಬುನಾದಿ ಅಗೆಯುತ್ತಾರೆ. ಮನೆಯವರಿಗೆ ಹಸಿರು ಕಟ್ಟಡದ, ಅಂದರೆ ಪರಿಸರಕ್ಕೆ ಹೊರೆಯಾಗದಂತೆ ಕಟ್ಟಿದ ಮನೆ ಎಂಬ ಪ್ರಮಾಣಪತ್ರ ಪಡೆಯುವ ಆಸೆ. ಈ ಮಾತು ಬಂದರೆ ಸಾಕು, ಎಲ್ಲರೂ ಸೋಲಾರ್ ಫಲಕ, ಎಲ್‌ಇಡಿ ದೀಪ ಎನ್ನುತ್ತಾರೆ. ಅವನ್ನು ಮನೆ ಕಟ್ಟಿದ ಮೇಲೂ ಹಾಕಿಸಬಹುದು. ನೀರಿನ ತೀರ್ಮಾನಗಳು ಮಾತ್ರ ಈ ಬರಿ ನೆಲದ ಮೇಲೆ ನಿಂತೇ ಆಗಬೇಕು.

ಇಂಥ ಪ್ರಮಾಣಪತ್ರಗಳ ವಿಚಾರದಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಮೂರು: ಅಮೆರಿಕದಿಂದ ಬಂದ ‘ಲೀಡ್’, ಭಾರತೀಯ ಕೈಗಾರಿಕಾ ಒಕ್ಕೂಟ 2001ರಲ್ಲಿ ಹುಟ್ಟುಹಾಕಿದ ಐಜಿಬಿಸಿ (ಭಾರತೀಯ ಹಸಿರು ಕಟ್ಟಡ ಮಂಡಳಿ), ಇಂಧನ ಮತ್ತು ಪರಿಸರ ಸಂಶೋಧನೆಯ ಟೆರಿ ಸಂಸ್ಥೆ ಮತ್ತು ಕೇಂದ್ರ ಸರ್ಕಾರ ಸೇರಿ ರೂಪಿಸಿದ ‘ಗೃಹ’. ‘ಗೃಹ’ದಲ್ಲಿ 2,500 ಚದರ ಮೀಟರ್‌ಗಿಂತ ಚಿಕ್ಕ ಕಟ್ಟಡಗಳಿಗೆಂದೇ ‘ಸ್ವಗೃಹ’ ಎಂಬ ವಿಭಾಗವಿದೆ. ಯಾವುದನ್ನೇ ಆರಿಸಿಕೊಳ್ಳಿ, ಮರ, ಮೇಲ್ಮಣ್ಣು, ಮಳೆನೀರನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮೇಸ್ತ್ರಿಯವರ ಕೈಯಲ್ಲಿರುವ ಪಾರದರ್ಶಕ ಕೊಳವೆಯನ್ನು ಗಮನಿಸಿ. ಅದರೊಳಗೆ ನೀರು ತುಂಬಿದೆ. ಒಂದು ತುದಿ ಈಶಾನ್ಯದ ಮೂಲೆಯಲ್ಲಿ, ಇನ್ನೊಂದು ಆಗ್ನೇಯದಲ್ಲಿ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಂತಾಗ ಗೂಟದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಅಳೆದು ನೋಡಿದರೆ ಆಗ್ನೇಯದ ನೆಲ ಸುಮಾರು ಒಂದು ಗೇಣು ತಗ್ಗು. ವಾಸ್ತು ನೋಡಿ ಈಶಾನ್ಯದಲ್ಲಿ ಸಂಪು ಕಟ್ಟುವುದು ನಮ್ಮಲ್ಲಿ ರೂಢಿ. ಸಂಪು ಅಲ್ಲೇ ಇರಲಿ, ಅಡ್ಡಿಯಿಲ್ಲ. ಆದರೆ ಮಳೆನೀರನ್ನು ನೆಲದೊಳಗೆ ಇಂಗಿಸುವ ಇಂಗುಬಾವಿಯನ್ನು ಆ ನೀರು ತಾನಾಗಿ ಹರಿದು ಬರುವ ತಗ್ಗಿನ ಕಡೆಯೇ ತೋಡಬೇಕು.

ಜೆಸಿಬಿ ಬಂದರೆ ಮೊದಲು ಹೋಗುವುದು ಮೇಲ್ಮಣ್ಣು. ಅದನ್ನು ಲಾರಿಗೆ ತುಂಬಿಸಿ ಕಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಮೂಲೆಯಲ್ಲಿ ರಾಶಿ ಹಾಕಿ ಮುಚ್ಚಿಡಿ, ಕೈತೋಟಕ್ಕೆ ಅದೇ ಮಣ್ಣು ಬೇಕು.

ಇನ್ನು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್‌ ಆಸುಪಾಸು. 100 ಚದರ ಮೀಟರ್ ತಾರಸಿ ಇದ್ದು, ಬಿದ್ದ ನೀರಿನ ಐದರಲ್ಲಿ ನಾಲ್ಕು ಪಾಲು ಹಿಡಿದರೂ ವರ್ಷಕ್ಕೆ 75,000 ಲೀಟರ್ ದಾಟುತ್ತದೆ. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಊರು ನಮ್ಮದು. 2024ರ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರ್‌ಗಾಗಿ ಕಾದವರಿಗೆ ಈ ಲೆಕ್ಕದ ತೂಕ ಗೊತ್ತು. 30x40 ಅಡಿ ನಿವೇಶನದ ಹೊಸ ಮನೆಗಳಿಗೂ ಇಲ್ಲಿ ಮಳೆನೀರು ಸಂಗ್ರಹ ಕಡ್ಡಾಯ. ಆದರೂ ತಾರಸಿಯ ಕೊಳವೆಯನ್ನು ನೇರವಾಗಿ ಚರಂಡಿಗೆ ಬಿಟ್ಟ ಮನೆಗಳನ್ನು ಕಂಡಾಗ ಸಂಕಟವಾಗುತ್ತದೆ.

ಇದು ಪಕ್ಕದ ಬೀದಿಯ ಇಂಗುಬಾವಿ. ಅಗಲ ಮೂರು ಅಡಿ, ಆಳ ಇಪ್ಪತ್ತು ಅಡಿ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಭೋವಿ ಸಮುದಾಯದವರ ಕೆಲಸ. ತೂತುಗಳಿರುವ ಸಿಮೆಂಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸಿ, ಸುತ್ತಲೂ ಜಲ್ಲಿ ತುಂಬಿದ್ದಾರೆ. ತಳಕ್ಕೆ ಕಾಂಕ್ರೀಟ್ ಹಾಕಿಲ್ಲ, ನೀರು ಇಂಗುವುದೇ ಅಲ್ಲಿ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಲು ಬೇರೆ ಕವಾಟವಿದೆ. ಬಚ್ಚಲಿನ ನೀರಾಗಲಿ ಶೌಚಗುಂಡಿಯ ನೀರಾಗಲಿ ಇದರ ಹತ್ತಿರಕ್ಕೂ ಸುಳಿಯಬಾರದು.

ಕೊನೆಯದಾಗಿ ಕೊಳವೆಗಳ ಮಾತು. ಮನೆಬಳಕೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಅಂದಾಜಿದೆ, ಅದರಲ್ಲಿ 45 ಲೀಟರ್ ಹೋಗುವುದು ಫ್ಲಶ್‌ಗೆ. ಅಲ್ಲಿಗೆ ಕುಡಿಯುವ ನೀರು ಯಾಕೆ? ಶುದ್ಧೀಕರಿಸಿದ ಬಚ್ಚಲ ನೀರು ಸಾಕು. ಅದಕ್ಕೆ ಪ್ರತ್ಯೇಕ ಕೊಳವೆ ಬೇಕು. ಗೋಡೆಗೆ ಪ್ಲಾಸ್ಟರಿಂಗ್ ಆದ ಮೇಲೆ ಅದನ್ನು ಒಡೆಯಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ವಾಸ್ತುಶಿಲ್ಪಿಗೆ ಇವತ್ತೇ ಫೋನ್ ಮಾಡಿ, ನಕ್ಷೆಯಲ್ಲಿ ಎರಡು ಕೊಳವೆ ಸಾಲುಗಳಿವೆಯೇ ಎಂದು ಕೇಳಿ.