ಮೇ 1ಕ್ಕೆ ಕೋಲಾರದ ಮಾವು ಬಲಿತಿರಲ್ಲ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಬಂದಿರೋ ಒಂದು ಕಾಮೆಂಟಿಂದಾನೇ ಶುರು ಮಾಡ್ತೀನಿ. ಈ ಸಲ ಮೇ 1 ಶುಕ್ರವಾರ ಬಿದ್ದಿದೆ, ಶನಿವಾರ ಭಾನುವಾರ ಸೇರಿಸಿದ್ರೆ ಮೂರು ದಿನ ರಜೆ. ಅಂತರಗಂಗೆ, ಕೋಟಿಲಿಂಗೇಶ್ವರ, ಆವನಿ ನೋಡ್ಕೊಂಡು ವಾಪಸ್ ಹೋಗುವಾಗ ಹೈವೇ ಪಕ್ಕ ಎರಡು ಬಾಕ್ಸ್ ಬಾದಾಮಿ ಮಾವಿನ ಹಣ್ಣು ತಗೋಬೇಕು, ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳಿದಾರೆ.

ಎಲ್ಲೂ ಚೆನ್ನಾಗಿರಲ್ಲ. ಮೇ 1ಕ್ಕೆ ಕೋಲಾರದ ಬಾದಾಮಿ ಬಲಿತಿರಲ್ಲ. ಬಲೀದೇ ಇರೋ ಕಾಯಿ ಹಣ್ಣಾಗಲ್ಲ, ಬರೀ ಹಳದಿ ಆಗುತ್ತೆ.

ಲೆಕ್ಕ ಹಾಕಿ. ನಮ್ಮ ಕಡೆ ಮಾವು ಹೂ ಬಿಟ್ಟು ಕಾಯಿ ಕಚ್ಚೋದು ಜನವರಿ ಕೊನೆ, ಫೆಬ್ರವರಿ. ಕಾಯಿ ಕಚ್ಚಿದ ಮೇಲೆ ಬಲಿಯೋಕೆ ಹತ್ತಿರ ಹತ್ತಿರ 100ರಿಂದ 120 ದಿನ ಬೇಕು. ಬೆರಳು ಮಡಿಸಿ ಎಣಿಸಿ, ಎಲ್ಲಿಗೆ ಬರುತ್ತೆ? ಮೇ ಅರ್ಧ ದಾಟುತ್ತೆ. ಶ್ರೀನಿವಾಸಪುರದ ಮಂಡಿ ತುಂಬೋದೂ ಆವಾಗಲೇ. ಅದಕ್ಕೆ ಮುಂಚೆ ಬರೋದು ರಾಮನಗರದ ಕಡೆ ಮಾವು, ಅಲ್ಲಿ ಸುಗ್ಗಿನೇ ಬೇಗ. ಅದನ್ನೇ ತಂದು "ಕೋಲಾರದ್ದು" ಅಂತ ಮಾರಿದ್ರೆ ಒಂದು ಥರ ಮೋಸ. ಇಲ್ಲಿನ ಎಳೆಗಾಯಿ ಕಿತ್ತು ಪುಡಿ ಇಟ್ಟು ಮಾರಿದ್ರೆ ಇನ್ನೊಂದು ಥರ.

ಆ ಪುಡಿ ಏನು ಅಂತ ಗೊತ್ತಿರಲಿ. ಕ್ಯಾಲ್ಸಿಯಂ ಕಾರ್ಬೈಡ್. ಚಿಕ್ಕ ಕಾಗದದ ಪೊಟ್ಟಣ ಕಟ್ಟಿ ಕಾಯಿ ಮಧ್ಯೆ ತುರುಕ್ತಾರೆ. ಕಾಯಿಯ ತೇವ ತಾಗಿದ ತಕ್ಷಣ ಅಸಿಟಿಲೀನ್ ಅನಿಲ ಹೊರಡುತ್ತೆ, ಬಿಸಿನೂ ಏಳುತ್ತೆ. ಒಂದೆರಡು ದಿನದಲ್ಲಿ ಸಿಪ್ಪೆ ಹಳದಿ. ಮಾಮೂಲಿ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರ್ಕೊಂಡಿರುತ್ತೆ, ಬೆಳ್ಳುಳ್ಳಿ ಥರ ಘಾಟು ಬರೋದು ಅದರಿಂದಾನೇ. ಹಣ್ಣು ಮಾಡೋಕೆ ಇದನ್ನ ಬಳಸಬಾರದು ಅಂತ ಆಹಾರ ಸುರಕ್ಷತಾ ನಿಯಮ 2011ರಿಂದ ಸ್ಪಷ್ಟವಾಗಿದೆ.

ಈಗ ಒಬ್ರು ಬರ್ತಾರೆ, "ಎಥಿಲೀನ್‌ಗೆ ಅನುಮತಿ ಇದೆಯಲ್ಲ" ಅಂತ. ಇದೆ ಸ್ವಾಮಿ. ಅದು ಕಾಯಿನ ಹಣ್ಣು ಮಾಡೋ ಅನಿಲ, ಕೋಣೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಬಿಡಬಹುದು. ಬಿಟ್ಟು ಏನು ಮಾಡ್ತೀರಾ? ಬಲಿತ ಕಾಯೊಳಗೆ ಪಿಷ್ಟ ತುಂಬಿರುತ್ತೆ, ಹಣ್ಣಾಗುವಾಗ ಆ ಪಿಷ್ಟ ಸಕ್ಕರೆ ಆಗುತ್ತೆ. ಎಳೆಗಾಯಲ್ಲಿ ಪಿಷ್ಟನೇ ತುಂಬಿಲ್ಲ, ಸಕ್ಕರೆ ಎಲ್ಲಿಂದ ಬರಬೇಕು? ಎಥಿಲೀನ್ ಬಿಡಿ, ಏನಾದರೂ ಬಿಡಿ, ಮೇ 1ಕ್ಕೆ ಕೋಲಾರದ ಬಾದಾಮಿ ಬಲಿತಿರಲ್ಲ!

ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡದೇ ಇದ್ರೆ ಈಗ ಮಾಡ್ಕೊಳ್ಳಿ, ಯಾಕಂದ್ರೆ ಮುಂದೆ ಹೇಳೋದು ವರ್ಷಾ ವರ್ಷ ಬೇಕಾಗುತ್ತೆ.

ಬಾಕ್ಸ್ ಮುಂದೆ ನಿಂತಾಗ ಬಣ್ಣ ನೋಡಬೇಡಿ, ಭುಜ ನೋಡಿ. ಬಲಿತ ಬಾದಾಮಿಗೆ ತೊಟ್ಟಿನ ಎರಡೂ ಕಡೆ ಭುಜ ಉಬ್ಬಿ ಮೇಲೆದ್ದಿರುತ್ತೆ, ತೊಟ್ಟು ಗುಳಿಯಲ್ಲಿ ಕೂತಿರುತ್ತೆ. ಎಳೆಗಾಯಲ್ಲಿ ಭುಜ ಇಳಿಜಾರು, ತೊಟ್ಟು ಮೇಲೆ ಚಾಚಿರುತ್ತೆ. ಒಂದು ಬಕೆಟ್ ನೀರು ಕೇಳಿ, ಕಾಯಿ ಹಾಕಿ. ಬಲಿತಿದ್ದು ಮುಳುಗುತ್ತೆ, ಎಳೇದು ತೇಲುತ್ತೆ. ಬಕೆಟ್ ಕೊಡಲ್ಲ ಅಂದ್ರೆ ಕಾರು ಹತ್ತಿ. ಒಂದು ಕಾಯಿಗೆ ದುಡ್ಡು ಕೊಟ್ಟು ಅಲ್ಲೇ ಕೊಯ್ಸಿ: ವಾಟೆ ಪಕ್ಕದ ತಿರುಳು ಬೆಳ್ಳಗಿದ್ರೆ ಎಳೇದು, ಕೆನೆಹಳದಿ ತಿರುಗಿದ್ರೆ ಬಲಿತಿದ್ದು. ಬಾಕ್ಸ್ ಒಳಗೆ ಕೈ ಇಟ್ಟಾಗ ಬೆಚ್ಚಗಿದ್ದು, ಎಲ್ಲ ಕಾಯಿ ಒಂದೇ ಹಳದಿ ಇದ್ರೆ, ಅದು ತೋಪಿನ ಬಣ್ಣ ಅಲ್ಲ, ಪುಡಿಯ ಬಣ್ಣ.

ಮುಂಚೆ ಹೂ ಬಿಟ್ಟ ಕೊಂಬೆ ಇರಲ್ವಾ ಅಂತೀರಾ? ಇರುತ್ತೆ. ಅದರ ಕಾಯಿ ಒಂದು ಚೀಲ ತುಂಬಬಹುದು, ಮೂರು ದಿನ ಹೈವೇ ಉದ್ದಕ್ಕೂ ಬಾಕ್ಸ್ ತುಂಬಲ್ಲ.

ಬಲಿತ ಕಾಯಿ ಸಿಕ್ಕಾಗ, ಅಂದ್ರೆ ಮೇ ಕೊನೆಗೆ, ಹಸಿರಾಗೇ ತಗೊಂಡು ಮನೇಲಿ ಅಡೆ ಹಾಕಿ. ಬಲೆ ಕಟ್ಟಿದ ದೋಟಿಯಲ್ಲಿ ಕಿತ್ತಿರಬೇಕು, ಕೊಂಬೆ ಅಲ್ಲಾಡಿಸಿ ನೆಲಕ್ಕೆ ಬೀಳಿಸಿದ್ದು ಪೆಟ್ಟು ಬಿದ್ದ ಕಡೆ ಒಳಗೇ ಕೊಳೆಯುತ್ತೆ. ಬೆರಳಿನ ಅಗಲದಷ್ಟು ತೊಟ್ಟು ಉಳಿದಿರಲಿ. ತೊಟ್ಟು ಮುರಿದ್ರೆ ಸೊನೆ ಸಿಪ್ಪೆ ಮೇಲೆ ಹರಿದು ಕಪ್ಪು ಗೀರು ಬೀಳುತ್ತೆ. ಹಾಗಾದ್ರೆ ತೊಟ್ಟಿನ ಕಡೆ ಕೆಳಗೆ ಮಾಡಿ ಅರ್ಧ ಗಂಟೆ ಸೊನೆ ಇಳಿಸಿ, ತೊಳೀರಿ, ನೆರಳಲ್ಲಿ ಒರೆಸಿ ಆರಿಸಿ. 52 ಡಿಗ್ರಿ ಬಿಸಿ ನೀರಲ್ಲಿ ಐದರಿಂದ ಹತ್ತು ನಿಮಿಷ ಅದ್ದಿ ತೆಗೆದ್ರೆ ಹಣ್ಣಾಗುವಾಗ ಬರೋ ಕಪ್ಪು ಚುಕ್ಕಿ ರೋಗ ತುಂಬಾ ಕಮ್ಮಿ ಆಗುತ್ತೆ. ಥರ್ಮಾಮೀಟರ್ ಇಲ್ದೆ ಅಂದಾಜಲ್ಲಿ ಮಾಡಬೇಡಿ, ಬಿಸಿ ಹೆಚ್ಚಾದ್ರೆ ಸಿಪ್ಪೆ ಬೆಂದುಹೋಗುತ್ತೆ.

ಆಮೇಲೆ ಒಣ ಭತ್ತದ ಹುಲ್ಲು ಎರಡು ಬೆರಳು ದಪ್ಪ ಹಾಸಿ, ಕಾಯಿ ಒಂದಕ್ಕೊಂದು ತಾಗದ ಹಾಗೆ, ತೊಟ್ಟು ಕೆಳಗೆ ಮಾಡಿ ಇಡಿ. ಮೇಲೆ ಇನ್ನೊಂದು ಪದರ ಹುಲ್ಲು, ಅದರ ಮೇಲೆ ಗೋಣಿಚೀಲ. ಎರಡು ಸುತ್ತಿಗಿಂತ ಜಾಸ್ತಿ ಪೇರಿಸಬೇಡಿ. ಪ್ಲಾಸ್ಟಿಕ್ ಕವರಲ್ಲಿ ಬಿಗಿದು ಕಟ್ಟಿದ್ರೆ ಬೆವತು ಕೊಳೆಯುತ್ತೆ. ಹಸಿ ಕಾಯಿನ ಫ್ರಿಜ್ಜಲ್ಲಿ ಇಟ್ಟೀರಾ, ಶೀತ ಹೊಡೆದು ಆಮೇಲೆ ಸರಿಯಾಗಿ ಹಣ್ಣೇ ಆಗಲ್ಲ. ಮೂರನೇ ದಿನ ತೆಗೆದು ನೋಡಿ, ಮೆತ್ತಗಾಗಿ ಕೊಳೀತಾ ಇರೋದನ್ನ ಬೇರೆ ಮಾಡಿ. ಐದರಿಂದ ಎಂಟು ದಿನಕ್ಕೆ ತೊಟ್ಟಿನ ಹತ್ರ ಮೂಸಿದ್ರೆ ಗೊತ್ತಾಗುತ್ತೆ. ಬಾಗಿಲು ತೆಗೆದ ತಕ್ಷಣ ಇಡೀ ಮನೆಗೆ ಪರಿಮಳ ಬಂತು ಅಂದ್ರೆ ಆಯ್ತು.

"ನಮಗೆ ರಜೆ ಇರೋದೇ ಈ ಮೂರು ದಿನ" ಅಂತ ಬರೆದಿದೀರಿ. ಮರಕ್ಕೆ ನಿಮ್ಮ ಕ್ಯಾಲೆಂಡರ್ ಗೊತ್ತಿಲ್ಲ! ಆ ಮೂರು ದಿನಕ್ಕೆ ಒಳ್ಳೆ ರೇಟು ಸಿಗುತ್ತೆ ಅಂತಲೇ ಹೂವಲ್ಲೇ ತೋಪು ಗುತ್ತಿಗೆ ಹಿಡಿದವರು ಎಳೆಗಾಯಿ ಇಳಿಸೋದು. ಬೇಡಿಕೆ ನಿಮ್ಮದೇ. ಕೊನೇ ಎರಡು ಮೂರು ವಾರದಲ್ಲಿ ಕಾಯಿಗೆ ಬರಬೇಕಾದ ತೂಕ ಹೋಯ್ತು, ರುಚಿ ಹೋಯ್ತು, ಆಮೇಲೆ ಹುಳಿ ಹಣ್ಣು ತಿಂದು "ಕೋಲಾರದ ಮಾವು ಇಷ್ಟೇನಾ" ಅಂತ ಬೈಯೋದು. ಬೈಸ್ಕೊಳ್ಳೋದು ನಿಯತ್ತಾಗಿ ಕಾದು ಕಿತ್ತ ರೈತ. ನನಗೆ ಸಿಟ್ಟು ಬರೋದು ಅದಕ್ಕೆ.

"ನಾಲ್ಕು ಹಣ್ಣು ತಿಂದ್ರೆ ಏನೂ ಆಗಲ್ಲ" ಅಂದವರಿಗೆ ಉತ್ತರ ಕೊಡಲ್ಲ. ಮಕ್ಕಳಿಗೆ ತಿನ್ನಿಸ್ತಾ ಇದೀರಿ, ಯೋಚನೆ ಮಾಡಿ. ಬಲಿತಿರಲ್ಲ ಅಂದ್ರೆ ಬಲಿತಿರಲ್ಲ.

ಬರಬೇಡಿ ಅಂತಿಲ್ಲ. ಬನ್ನಿ, ಬೆಟ್ಟ ಹತ್ತಿ. ಹಸಿರು ತೋತಾಪುರಿ ತಗೊಂಡು ಸಿಪ್ಪೆ ಸಮೇತ ಉದ್ದುದ್ದ ಸೀಳಿ ಉಪ್ಪು ಖಾರ ಹಚ್ಕೊಂಡು ತಿನ್ನಿ, ತುರಿದು ಚಿತ್ರಾನ್ನ ಮಾಡಿ. ಕಾಯಿನ ಕಾಯಿ ಅಂತ ಕೊಂಡ್ರೆ ಯಾವ ಮೋಸನೂ ಇಲ್ಲ. ಹಣ್ಣಿಗೆ ಮೇ ಕೊನೇ ವಾರ ಬನ್ನಿ, ರಸಪುರಿ, ಬಾದಾಮಿ, ಸೇಂದೂರ ಇರುತ್ತೆ. ಜೂನಲ್ಲಿ ಬನ್ನಿ, ಮಲ್ಲಿಕಾ ಇರುತ್ತೆ, ಆಮೇಲೆ ನೀಲಂ. ನಿಮ್ಮ ಬಕೆಟ್‌ನಲ್ಲಿ ಎಷ್ಟು ಕಾಯಿ ಮುಳುಗ್ತು, ಎಷ್ಟು ತೇಲ್ತು ಅಂತ ಕೆಳಗೆ ಬರೀರಿ, ಒಂದೊಂದಾಗಿ ಓದ್ತೀನಿ.