ಅಪ್ಪಯ್ಯನ ಹೆಬ್ಬೆರಳು

ಇದು ನಮ್ಮ ಅಡಿಕೆ ತೋಟ, ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಅಲ್ಲಿ ಮರದ ಬುಡಕ್ಕೆ ನೀರು ಬಿಡುತ್ತಿರುವವರು ಅಪ್ಪಯ್ಯ. ಕಾಲು ನೋಡಿ, ಶೂ ಇದೆ. 68 ವರ್ಷದಲ್ಲಿ ಅವರು ಶೂ ಹಾಕಿಕೊಂಡು ತೋಟಕ್ಕೆ ಇಳಿದಿದ್ದು ಈ ವರ್ಷವೇ ಮೊದಲು.

ಹೋದ ಮಳೆಗಾಲದಲ್ಲಿ ಬಲಗಾಲಿನ ಹೆಬ್ಬೆರಳಿನ ಅಡಿಗೆ ಗಾಯವಾಯಿತು. ಉಂಬಳ ಕಚ್ಚಿತೋ, ಮುಳ್ಳು ಚುಚ್ಚಿತೋ, ಅವರಿಗೇ ಗೊತ್ತಿಲ್ಲ. 15 ವರ್ಷದ ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶವೇ ಇಲ್ಲ. "ನೋವೇ ಇಲ್ಲ ಮಾರಾಯ್ತಿ, ಡಾಕ್ಟ್ರು ಎಂತಕ್ಕೆ?" ಅಂದರು. ಹೇಗೋ ಒಪ್ಪಿಸಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎರಡನೇ ವಾರ ಎಕ್ಸ್‌ರೇ ತೆಗೆದು, ಮೂಳೆ ಚೆನ್ನಾಗಿದೆ ಅಂದರು. ಆಮೇಲೆ ಎರಡು ತಿಂಗಳು ಬರೀ ಡ್ರೆಸ್ಸಿಂಗ್. ಅಷ್ಟರಲ್ಲಿ ಬೆರಳು ಹಣ್ಣಡಿಕೆ ಹಾಗೆ ಕೆಂಪಾಗಿ ಊದಿತ್ತು.

ಇದು ಶಿವಮೊಗ್ಗ ರಸ್ತೆ. ಸಕ್ರೆಬೈಲು ಬಂತು ಅಂತ ಆನೆ ನೋಡಲು ಕತ್ತು ಚಾಚಿದವರೂ ಅಪ್ಪಯ್ಯನೇ. ಭಯ ಪಟ್ಟಿದ್ದು ನಾನೊಬ್ಬಳೇ.

ಶಿವಮೊಗ್ಗದ ಆಸ್ಪತ್ರೆಯ ಡಾಕ್ಟರ್ ಗಾಯ ತೊಳೆದು, ಕಡ್ಡಿಯಂಥ ತೆಳು ಲೋಹದ ಸಲಾಕೆಯನ್ನು ಮೆಲ್ಲಗೆ ತೂತಿನೊಳಗೆ ಬಿಟ್ಟರು. ಸ್ವಲ್ಪ ಹೋಗಿ ಗಟ್ಟಿಯಾಗಿ ತಾಗಿ ನಿಂತಿತು. "ಇದು ಮೂಳೆ," ಅಂದರು. ನನಗೆ ಹೊಟ್ಟೆ ತೊಳಸಿತು. ಅಪ್ಪಯ್ಯ ಈ ವರ್ಷದ ಅಡಿಕೆ ರೇಟಿನ ಬಗ್ಗೆ ನರ್ಸ್ ಹತ್ತಿರ ಮಾತಾಡುತ್ತಿದ್ದರು!

ಮೂಳೆಗೆ ಸೋಂಕು ಇಳಿದರೂ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದಂತೆ. ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ? ಹೊಸ ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಇಲಿ ಕಡಿದ ಹಾಗಿತ್ತು. ರಕ್ತದ ಇಎಸ್‌ಆರ್, ಅಂದರೆ ಮೈಯಲ್ಲಿ ಉರಿಯೂತ ಇದೆಯಾ ಅಂತ ಸುಳಿವು ಕೊಡುವ ಪರೀಕ್ಷೆ, 92 ಬಂತು. ಇಂಥ ಗಾಯ ಇದ್ದು ಅದು 70 ದಾಟಿದರೆ ಮೂಳೆ ಸೋಂಕಿನ ಅನುಮಾನ ಜಾಸ್ತಿ. ಎಷ್ಟು ಹರಡಿದೆ ಅಂತ ಎಂಆರ್‌ಐ ತೋರಿಸಿತು. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತಲೂ ನೋಡಿದರು. ಹರಿಯದಿದ್ದರೆ ಔಷಧಿ ಬೆರಳಿನ ತನಕ ಹೋಗುವುದು ಹೇಗೆ, ಅಲ್ವಾ?

ಆಮೇಲೆ ಅಕ್ಕಿ ಕಾಳಿನಷ್ಟು ಮೂಳೆ ತೆಗೆದು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ಯಾವುದು ಅಂತ ನೋಡಲು, ಕಳಿಸಿದರು. ಗಾಯದ ಮೇಲೆ ಸುಮ್ನೆ ಹತ್ತಿ ಒರೆಸಿದರೆ ಸಿಗುವ ಕ್ರಿಮಿ ಬೇರೆ, ಒಳಗೆ ಕೂತಿರುವ ಕ್ರಿಮಿ ಬೇರೆ ಇರಬಹುದಂತೆ. ಒಳಗೆ ಸಿಕ್ಕಿದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ಮೂಳೆ ಸೋಂಕಿನಲ್ಲಿ ಜಾಸ್ತಿ ಸಿಗುವುದೂ ಅದೇ. ಅದಕ್ಕೆ ಹೊಂದುವ ಆ್ಯಂಟಿಬಯೋಟಿಕ್ ಮಾತ್ರೆ, ಆರು ವಾರ. ಡ್ರಿಪ್ ಬೇಡವಾ ಅಂತ ಕೇಳಿದೆ. ಸರಿಯಾದ ಮಾತ್ರೆ ಸಿಕ್ಕರೆ ಮೂಳೆ ಸೋಂಕಿಗೆ ಅದೂ ಸಾಕಾಗುತ್ತದೆ ಅಂತ 2019ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಗೊತ್ತಾಗಿದೆಯಂತೆ. ಮೂಳೆ ಸತ್ತು ಹೋಗಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕಾಗಬಹುದಿತ್ತಂತೆ.

ಮಾತ್ರೆ ನುಂಗಿಸುವುದು ಸುಲಭ. ಅಪ್ಪಯ್ಯನನ್ನು ಕೂರಿಸುವುದು ಕಷ್ಟ. ಪಾದದ ಮೇಲೆ ಭಾರ ಬೀಳದ ಹಾಗೆ ಮೊಣಕಾಲುದ್ದದ ಬೂಟು ಕೊಟ್ಟಿದ್ದರು. ಅಡಿಕೆ ಕೊಯ್ಲಿನ ಸಮಯ ಬೇರೆ. ಒಂದು ಬೆಳಿಗ್ಗೆ ನೋಡಿದರೆ ಬೂಟು ಮಂಚದ ಕೆಳಗೆ, ಮನುಷ್ಯ ಕೊಟ್ಟಿಗೆಯಲ್ಲಿ. ವಿಷಯ ಗೊತ್ತಾದ ಮೇಲೆ ಡಾಕ್ಟರ್ ಬೂಟಿನ ಸುತ್ತ ಬ್ಯಾಂಡೇಜ್ ಸುತ್ತಿ, ಬಿಚ್ಚಲಾಗದ ಹಾಗೆ ಮಾಡಿಬಿಟ್ಟರು. ವಾರಕ್ಕೊಮ್ಮೆ ಅವರೇ ಬಿಚ್ಚಿ ನೋಡುತ್ತಿದ್ದರು.

ಗಾಯ ಈಗ ಮುಚ್ಚಿದೆ. ಆದರೆ ಮಾತ್ರೆ ನಿಂತು ಆರು ತಿಂಗಳು ಕಳೆಯದೆ ವಾಸಿ ಆಯಿತು ಅನ್ನುವಂತಿಲ್ಲ. ಇನ್ನೂ ಎರಡು ತಿಂಗಳು ಬಾಕಿ. ಚಳಿ ಅಂತ ಬಚ್ಚಲು ಒಲೆಯ ಮುಂದೆ ಕಾಲು ಚಾಚುವುದೂ ಬಂದ್. ದಿನಾ ರಾತ್ರಿ ಅಮ್ಮ ಮೊಬೈಲ್ ಟಾರ್ಚ್ ಹಾಕಿ ಬೆರಳು ಬೆರಳು ಬಿಡಿಸಿ ನೋಡುತ್ತಾರೆ. ಇದು ನಿನ್ನೆ ರಾತ್ರಿಯದ್ದು. "ಕ್ಯಾಮೆರಾ ಆಚೆ ಇಡೇ," ಅಂತ ಬೈಯುತ್ತಿರುವುದು ನನಗೇ.