ಶಿಮುರಾ ಅವರ ಕಿವಿ

ಎಲ್ಲರಿಗೂ ನಮಸ್ಕಾರ. ಇನ್ನೇನು ದೀಪ ಆರಿಸಿ 'ಇಕಿರು' ಚಿತ್ರ ಹಾಕುತ್ತಾರೆ, ಅಷ್ಟರೊಳಗೆ ನಾನು ಮಾತು ಮುಗಿಸಬೇಕು. ಅದರ ನಿರ್ದೇಶಕ ಕುರೊಸಾವಾ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಜಪಾನಿನ ನಟ ಅಂದ ಕೂಡಲೇ ಎಲ್ಲರ ಬಾಯಿಗೂ ಬರುವುದು ಮಿಫುನೆ ಹೆಸರು, ಅಲ್ವಾ? ಮಿಫುನೆ ನನಗೂ ಇಷ್ಟ. ಆದರೆ ಕುರೊಸಾವಾ ಅವರ 30 ಚಿತ್ರಗಳಲ್ಲಿ ಮಿಫುನೆ ಇರುವುದು 16ರಲ್ಲಿ, ತಕಾಶಿ ಶಿಮುರಾ ಇರುವುದು 21ರಲ್ಲಿ. 1943ರ ಮೊದಲ ಚಿತ್ರದಲ್ಲೂ ಇದ್ದಾರೆ, 1980ರ 'ಕಾಗೆಮುಶಾ'ದಲ್ಲೂ ಇದ್ದಾರೆ.

ಶಿಮುರಾ ಹುಟ್ಟಿದ್ದು 1905ರಲ್ಲಿ, ಹ್ಯೋಗೊ ಪ್ರಾಂತ್ಯದ ಇಕುನೊ ಎಂಬ ಗಣಿ ಊರಿನಲ್ಲಿ. ಸಮುರಾಯ್ ವಂಶ. ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಮನೆಯಲ್ಲಿ ದುಡ್ಡಿಗೆ ತಾಪತ್ರಯ ಬಂತು, ಒಸಾಕಾ ನಗರಸಭೆಯ ನೀರು ಸರಬರಾಜು ವಿಭಾಗದಲ್ಲಿ ಕೆಲಸಕ್ಕೆ ಸೇರಿ ಸಂಜೆ ಕ್ಲಾಸಿಗೆ ಹೋದರು. ಅಲ್ಲೇ ನಾಟಕದ ಹುಚ್ಚು ಹಿಡಿಯಿತು. ಹುಚ್ಚು ಎಷ್ಟು ಜಾಸ್ತಿಯಾಯಿತೆಂದರೆ ಆಫೀಸಿಗೆ ಚಕ್ಕರ್ ಹೊಡೆದೂ ಹೊಡೆದೂ ಕೊನೆಗೆ ಇದ್ದ ಕೆಲಸವೂ ಹೋಯಿತು! ಈಗ 'ಇಕಿರು' ನೋಡಿ. ಅದೇ ನಗರಸಭೆ. ಕಡತಗಳ ರಾಶಿ, ಅದರ ಹಿಂದೆ ಸುಮ್ನೆ ಮುದ್ರೆ ಒತ್ತುತ್ತಾ ಕೂತ ವತನಾಬೆ, ಅಂದರೆ ನಮ್ಮ ಶಿಮುರಾ. ಯುವಕನಾಗಿದ್ದಾಗ ತಾನು ಬಿಟ್ಟು ಬಂದ ಮೇಜಿಗೇ 47ರ ವಯಸ್ಸಿನಲ್ಲಿ ಈ ಮನುಷ್ಯ ಮತ್ತೆ ಬಂದು ಕೂತಂತೆ ನನಗೆ ಕಾಣುತ್ತದೆ. ಆ ಬಗ್ಗಿದ ಬೆನ್ನನ್ನು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ. ಶಿಮುರಾ ಅವರ ನಟನೆ ಇರುವುದು ಕೇಳಿಸಿಕೊಳ್ಳುವುದರಲ್ಲಿ. 'ಸೆವೆನ್ ಸಮುರಾಯ್' ನೆನಪಿಸಿಕೊಳ್ಳಿ. ಡಕಾಯಿತರಿಂದ ಊರು ಕಾಯಲು ಆಳು ಹುಡುಕುತ್ತಾ ಬಂದ ರೈತರು ತಾವು ಕಿರುಧಾನ್ಯ ತಿಂದುಕೊಂಡು ಸಮುರಾಯ್‌ಗಳಿಗೆ ಅಕ್ಕಿ ಅನ್ನ ಹಾಕುತ್ತಿದ್ದಾರೆ ಅಂತ ಒಬ್ಬ ಕೂಲಿಯವ ರೇಗಿ ಹೇಳುತ್ತಾನೆ. ಶಿಮುರಾ ಮಾಡಿದ ಸಮುರಾಯ್ ಕಾಂಬೆ ಅದನ್ನು ಪೂರ್ತಿ ಕೇಳುತ್ತಾನೆ. ಆಮೇಲೆ ಅನ್ನದ ಬಟ್ಟಲು ಕೈಗೆ ತೆಗೆದುಕೊಂಡು, ಈ ಅನ್ನವನ್ನು ದಂಡ ಮಾಡುವುದಿಲ್ಲ ಅನ್ನುತ್ತಾನೆ. ಅಷ್ಟೇ. ಮೂರೂವರೆ ಗಂಟೆಯ ಚಿತ್ರ ನಿಂತಿರುವುದು ಆ ಬಟ್ಟಲಿನ ಮೇಲೆ. ಮಿಫುನೆ ಅಷ್ಟೊಂದು ಕುಣಿದಾಡಬಲ್ಲರು ಅಂದರೆ, ಪಕ್ಕದಲ್ಲಿ ಬೋಳಿಸಿದ ತಲೆ ಸವರಿಕೊಳ್ಳುತ್ತಾ ಕೇಳಿಸಿಕೊಳ್ಳುವ ಇವರೊಬ್ಬರು ಇದ್ದಾರೆ ಅಂತ.

'ಸೆವೆನ್ ಸಮುರಾಯ್' ಬಂದ 1954ರಲ್ಲೇ 'ಗಾಡ್ಜಿಲ್ಲಾ' ಕೂಡ ಬಂತು. ಊರೆಲ್ಲ ಆ ಪ್ರಾಣಿಯನ್ನು ಕೊಲ್ಲಿ ಅಂದರೆ, ಶಿಮುರಾ ಮಾಡಿದ ವಿಜ್ಞಾನಿ ಯಮಾನೆ ಮಾತ್ರ ಅದನ್ನು ಅರ್ಥ ಮಾಡಿಕೊಳ್ಳೋಣ ಅನ್ನುತ್ತಾನೆ. ಅಲ್ಲೂ ಇದೇ ಕಿವಿ! 'ರಾಶೋಮಾನ್'ನ ಸೌದೆ ಕಡಿಯುವವನ ಬಗ್ಗೆ ಹೇಳಬೇಕೆಂದಿದ್ದೆ. ಆಗಲೇ ಬಾಗಿಲಲ್ಲಿ ಕೈಸನ್ನೆ ಮಾಡುತ್ತಿದ್ದಾರೆ, ಬಿಡಿ.

ಒಂದು ಮಾತು ಹೇಳಿ ಕೂತುಬಿಡುತ್ತೇನೆ. ಇವತ್ತಿನ ಚಿತ್ರದಲ್ಲಿ ವತನಾಬೆ ಒಂದು ಹಳೆಯ ಹಾಡನ್ನು ಎರಡು ಸಲ ಹಾಡುತ್ತಾನೆ. ಮೊದಲು ಗದ್ದಲದ ನಡುವೆ, ಕಣ್ಣೀರಿನಲ್ಲಿ. ಆಮೇಲೆ ಹಿಮ ಬೀಳುವಾಗ, ಉಯ್ಯಾಲೆಯ ಮೇಲೆ ಒಬ್ಬನೇ ಕೂತು. ಹಾಡು ಅದೇ, ದನಿ ಬೇರೆ. ಎರಡನೆಯದು ಬಂದಾಗ ದಯವಿಟ್ಟು ಯಾರೂ ಎದ್ದು ಓಡಾಡಬೇಡಿ.

ಆಯ್ತು, ದೀಪ ಆರಿಸಿ.